ಮಡಿ ಪಂಚೆ

ಮೋಹನ್‌ಕುಮಾರ್ ತೀರಿಕೊಂಡ ಸುದ್ದಿ ಹಾಸನದ ಆಸ್ಪತ್ರೆಯಿಂದ ಬಂದಾಗ ಅವನ ತಾಯಿ ಅನಸೂಯಮ್ಮ ದೇವರ ಮುಂದೆ ಕೂತಿದ್ದರು. ಫೋನ್ ಮಾಡಿದವನು ಅವರ ತಮ್ಮ ರಂಗಸ್ವಾಮಿ. ಸೂತಕದ ಮನೆಯಲ್ಲಿ ದೇವರ ದೀಪ ಉರಿಯಬಾರದು. ಆದರೆ ಹಚ್ಚಿದ್ದನ್ನು ಆರಿಸಲು ಕೈ ಬರಲಿಲ್ಲ. ಎಣ್ಣೆ ತೀರಿ ಅದು ತಾನಾಗಿ ಆರುವವರೆಗೂ ನೋಡುತ್ತಾ ಕೂತರು.

ಹೆಣ ಅರಕಲಗೂಡು ದಾಟಿ ಮನೆ ಸೇರುವಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು, ಮೋಹನ ವಿಷ ಕುಡಿದಿದ್ದಾನೆ ಎಂದು. ಕಾರಣಗಳೂ ಬಾಯಿಗೊಂದರಂತೆ ಹುಟ್ಟಿದ್ದವು. ಅವನು ಏನನ್ನೂ ಕುಡಿದಿರಲಿಲ್ಲ. ಅದು ಅನಸೂಯಮ್ಮನವರೊಬ್ಬರಿಗೇ ಗೊತ್ತಿತ್ತು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿನ ಉರಿ ಕಾಯಲು ಗಂಡಸರು ಸರದಿಯ ಮೇಲೆ ಅಲ್ಲೇ ಮಲಗುತ್ತಾರೆ, ಒಬ್ಬರು ಹೊದ್ದ ಕಂಬಳಿಯನ್ನೇ ಇನ್ನೊಬ್ಬರು ಹೊದೆಯುತ್ತಾರೆ. ಅದರಿಂದ ಬಂತೋ, ಇನ್ನೆಲ್ಲಿಂದ ಬಂತೋ, ಮೋಹನನಿಗೆ ಕೆಳಗಿನ ಕೂದಲಲ್ಲಿ ಹೇನು ಸೇರಿಕೊಂಡವು. ತಲೆಯ ಹೇನಾದರೆ ಜಗಲಿಯಲ್ಲಿ ಕೂತು ನೋಡಿಸಿಕೊಳ್ಳಬಹುದು. ಇದನ್ನು ಯಾರಿಗೆ ತೋರಿಸುವುದು? ಪೇಟೆಯ ಔಷಧಿ ಅಂಗಡಿಯವನು ಹೆಂಡತಿಯ ಕಡೆಯ ನೆಂಟ. ಕೊನೆಗೆ ಹೊಗೆಸೊಪ್ಪಿನ ಸಸಿಗೆ ಹೊಡೆಯುವ ಹುಳದ ಎಣ್ಣೆಯನ್ನು ಚಿಂದಿಗೆ ಸುರಿದು, ಪಂಚೆಯೊಳಗೆ ಬಿಗಿಯಾಗಿ ಕಟ್ಟಿಕೊಂಡು ಮಲಗಿದ್ದ.

ಬೆಳಗ್ಗೆ ಅವನ ಹೆಂಡತಿ ಸ್ನೇಹಲತಾ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಬಚ್ಚಲ ಬಳಿ ಬಿದ್ದಿದ್ದ ಮಗನನ್ನು ಕಂಡವರು ಅನಸೂಯಮ್ಮ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಮಾತು ಹೊರಡದೆ ಅವನು ಸೊಂಟದ ಕಡೆ ಕೈ ತೋರಿಸಿದ. ಅವರು ಚಿಂದಿ ಬಿಚ್ಚಿ ನೋಡಿದರು. ಹುಳದ ಎಣ್ಣೆಯ ನಾತ, ಕೂದಲಲ್ಲಿ ಹೇನು. ಅರ್ಥವಾಯಿತು. ಅದನ್ನು ನೀರೊಲೆಗೆ ತುರುಕಿದರು. ನಾಲ್ಕು ಜನರ ಮುಂದೆ ಮಗನ ಮಾನ ಹೋಗಬಾರದೆಂದು ಯಾರಿಗೂ ಏನೂ ಹೇಳದೆ, ಒಗೆದಿಟ್ಟಿದ್ದ ಮಡಿ ಪಂಚೆ ಉಡಿಸಿ ರಂಗಸ್ವಾಮಿಯ ಜೊತೆ ಆಟೋ ಹತ್ತಿಸಿದರು. ಹಂಡೆಯ ತುಂಬ ಬಿಸಿನೀರಿತ್ತು. ಮೈ ತೊಳೆಯಬೇಕೆಂದು ಹೊಳೆಯಲಿಲ್ಲ. ಏನು ಕುಡಿದ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಜೊತೆಗೆ ಹೋದವರಿಗೆ ಏನು ಗೊತ್ತು? ಹೊಟ್ಟೆ ತೊಳೆದರು. ಮಡಿ ಪಂಚೆಯ ಒಳಗೆ ವಿಷ ಚರ್ಮಕ್ಕೆ ಇಳಿಯುತ್ತಲೇ ಇತ್ತು.

ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ಮೊಮ್ಮಗಳು ನಿಸರ್ಗ ಕಣ್ಣುಜ್ಜಿಕೊಂಡು ಅಳುತ್ತಿದ್ದಳು. ಸ್ನೇಹಲತಾ ಹತ್ತಿರ ಕೂರಿಸಿಕೊಂಡು ನೋಡಿದಳು. ರೆಪ್ಪೆಗೂದಲ ಬುಡದಲ್ಲಿ ಸೀರು ಅಂಟಿದ್ದವು. ತನಗೂ ತುರಿಕೆ ಇದೆ, ಗಂಡನಿಗೂ ಇತ್ತು ಎಂದು ಅತ್ತೆಗೆ ಹೇಳಿದ್ದು ಆಗಲೇ. ಹೇಳಿದವಳು ಅಟ್ಟದ ಮೇಲೆ ಉಳಿದಿದ್ದ ಹುಳದ ಎಣ್ಣೆಯ ಇನ್ನೊಂದು ಬಾಟಲಿಯನ್ನು ಇಳಿಸಿದಳು.

"ಹತ್ತೀಲಿ ಒಂದ್ಚೂರು ಸೋಕುಸ್ತೀನಿ ಕಣತ್ತೆ. ಕುಡುದ್ರೆ ತಾನೆ ಸಾಯಾದು."

ಅನಸೂಯಮ್ಮ ಬಾಟಲಿ ಕಿತ್ತುಕೊಂಡರು. "ಬ್ಯಾಡ ಕಣವ್ವ. ಅವ್ನು ಕುಡೀಲಿಲ್ಲ. ಅಚ್ಕೊಂಡೇ ಓದ."

ಎಲ್ಲವನ್ನೂ ಹೇಳಿದರು, ಹಂಡೆಯ ಬಿಸಿನೀರನ್ನೂ ಬಿಡಲಿಲ್ಲ. ಸೊಸೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಅಂಗಾರೆ ನನ್ ಮ್ಯಾಲೆ ಬ್ಯಾಸ್ರ ಮಾಡ್ಕಂಡು ಓಗ್ಲಿಲ್ವಾ?"

ಮರುದಿನ ಮೂವರೂ ಅರಕಲಗೂಡಿಗೆ ಹೋದರು. ಡಾಕ್ಟರಮ್ಮ ಮಗುವನ್ನು ಪಕ್ಕಕ್ಕೆ ಕರೆದು, ಯಾರ ಜೊತೆ ಮಲಗುತ್ತೀ, ಯಾರಾದರೂ ನೋಯಿಸಿದರಾ ಎಂದು ನಿಧಾನವಾಗಿ ವಿಚಾರಿಸಿದರು. ಅಪ್ಪ ಅಮ್ಮನ ಹಾಸಿಗೆಯಿಂದಲೇ ಬಂದಿರಬೇಕು ಎಂದರು. ಸ್ನೇಹಲತಾಗೆ ಹಚ್ಚಿ ತೊಳೆಯುವ ಮುಲಾಮು ಬರೆದು, ವಾರ ಕಳೆದ ಮೇಲೆ ಹೇನು ಕಂಡರೆ ಮತ್ತೆ ಹಚ್ಚಲು ಹೇಳಿದರು. ಹೊದಿಕೆ, ಒಳಬಟ್ಟೆ ಎಲ್ಲ ಕುದಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸಬೇಕು. ಮಗುವಿನ ರೆಪ್ಪೆಗೆ ಮಾತ್ರ ಆ ಮುಲಾಮೂ ಕೂಡದು. ಕಣ್ಣಿಗೆಂದೇ ಬರುವ ವ್ಯಾಸಲೀನ್ ಸವರಿದರೆ ಹೇನು ಉಸಿರುಕಟ್ಟಿ ಸಾಯುತ್ತವೆ.

ಇಷ್ಟೇ ಆಗಿತ್ತು. ಒಂದು ಟ್ಯೂಬು ಮುಲಾಮು. ಹೊರಡುವಾಗ ಅನಸೂಯಮ್ಮ ಮಗನ ಮೈ ತೊಳೆದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದರು. ಡಾಕ್ಟರಮ್ಮ ಹೇಳಲಾಗದು ಎಂದು ತಲೆ ತಗ್ಗಿಸಿದರು. ಆ ತಗ್ಗಿದ ತಲೆ ಅನಸೂಯಮ್ಮನವರ ಕಣ್ಣಿಂದ ಮರೆಯಾಗಲೇ ಇಲ್ಲ.

ತಿಥಿಯ ಹಿಂದಿನ ದಿನ ನೆಂಟರೆಲ್ಲ ಸೇರಿ, ಹೀಗೆ ಸತ್ತವರಿಗೆ ಬೇರೆ ಶಾಂತಿ ಮಾಡಿಸಬೇಕು, ಇಲ್ಲದಿದ್ದರೆ ಜೀವ ಅಲೆಯುತ್ತದೆ ಎಂದು ಮಾತಾಡಿಕೊಂಡರು. ಅನಸೂಯಮ್ಮ ತಮ್ಮನನ್ನು ಹಿತ್ತಲಿಗೆ ಕರೆದು ನಿಜ ಹೇಳಿ, ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದರು. ರಂಗಸ್ವಾಮಿ ಗೋಡೆಗೆ ಒರಗಿ ನಿಂತ.

"ಕುಡುದ ಅಂತ್ಲೇ ಇರ್ಲಿ ಕಣಕ್ಕ. ಹೇನು ಅಂದ್ರೆ, ಯಾರತ್ರ ಅಂಟಿಸ್ಕಂಡ ಅಂತಾರೆ. ಸ್ನೇಹನ್ನೂ ಬಿಡಕಿಲ್ಲ, ಮಗೀನೂ ಬಿಡಕಿಲ್ಲ."

"ಅವ್ನು ಸಾಯಕ್ಕೆ ಓಗಿರ್ಲಿಲ್ಲ ಕಣೋ ರಂಗ."

"ನಂಗೊತ್ತಾಯ್ತಲ್ಲಕ್ಕ. ಇನ್ಯಾರು ನಂಬ್ತಾರೆ?"

ಅನಸೂಯಮ್ಮ ಮುಂಬಾಗಿಲಿಗೆ ಬಂದರು. ಜಗಲಿಯ ಮೇಲೆ ನಿಸರ್ಗ ರೆಪ್ಪೆಗೆ ವ್ಯಾಸಲೀನ್ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಹೆಂಗಸರು ಅವಳ ತಲೆ ಸವರಿ, ಅಪ್ಪನನ್ನು ನೆನೆದು ಅತ್ತು ಅತ್ತು ಕಣ್ಣು ಊದಿದೆ ಎಂದು ಮರುಗುತ್ತಿದ್ದರು. ಅನಸೂಯಮ್ಮ ಬಾಯಿ ತೆರೆಯಲಿಲ್ಲ.

ಮರುದಿನ ಮಗನ ಪಟದ ಮುಂದೆ ಎಡೆ ಇಟ್ಟರು. ಪಕ್ಕದಲ್ಲಿ ಹೊಸ ಪಂಚೆ ಇಟ್ಟರು. ಹೋದವನು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಬೇಕು. ಅನಸೂಯಮ್ಮ ಎಲ್ಲರಿಗಿಂತ ಹಿಂದೆ ಉಳಿದು, ಹೊಳೆನರಸೀಪುರದ ನರಸಿಂಹಸ್ವಾಮಿಯನ್ನು ನೆನೆದು ಕೈ ಮುಗಿದರು.

"ಸ್ವಾಮಿ, ನೀ ಕೊಟ್ಟ ಜೀವಾನ ನನ್ ಮಗ ಚೆಲ್ಲಲಿಲ್ಲ. ಊರಿಗೆ ಗೊತ್ತಿಲ್ದಿದ್ರೂ ನಿಂಗೆ ಗೊತ್ತು. ನಾ ತೊಳೀದೆ ಕಳ್ಸಿದ ಮೈಯ ನೀ ತೊಳಿ. ಅವ್ನ ಆತ್ಮಕ್ಕೆ ಶಾಂತಿ ಕೊಡಪ್ಪ."