ಎರಡನೇ ಆಟಗಾರ್ತಿ

ಐದು ತಿಂಗಳ ಹಿಂದಿನವರೆಗೆ ನೆವೆನಾ ವಿಡಿಯೊ ಗೇಮ್ ಅಂದರೆ ಮೂಗು ಮುರಿಯುತ್ತಿದ್ದವಳು. ಈಗ ಪ್ರತಿ ಶನಿವಾರ ಮಧ್ಯಾಹ್ನ ಬುರೆಕ್ ಕಡುಬು ತಿಂದ ಎಣ್ಣೆಗೈ ತೊಳೆದುಕೊಂಡು ವುಕಾಶಿನ್‌ನ ಸೋಫಾದ ಎಡತುದಿಯಲ್ಲಿ ಕೂರುತ್ತಾಳೆ. ಪರದೆಯ ಮೇಲೆ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡ ಇಬ್ಬರು ಪರ್ವತ ಹತ್ತುತ್ತಿರುತ್ತಾರೆ. ನೀಲಿ ಟೋಪಿ ಅವನದು, ಹಳದಿ ಟೋಪಿ ಇವಳದು. ಒಬ್ಬರ ಕಾಲು ಜಾರಿದರೆ ಇಬ್ಬರೂ ಪಾತಾಳಕ್ಕೆ.

"ಇಬ್ಬರೂ ಸೇರಿ ಮಾಡೋ ಕೆಲಸ ಅಂತ ಒಂದಿರಬೇಕು ಕಣೇ. ಬರೀ ಕಾಫಿ, ನದಿ ದಂಡೆ, ಸಿನಿಮಾ ಅಂತ ಎಷ್ಟು ದಿನ?" ಎಂದು ಮೊದಲ ದಿನ ಅವನೇ ಕಂಟ್ರೋಲರನ್ನು ಅವಳ ಕೈಗೆ ತುರುಕಿದ್ದ. ಅವಳು ಗೋಡೆಗೆ ಡಿಕ್ಕಿ ಹೊಡೆದಾಗ ನಕ್ಕಿರಲಿಲ್ಲ. ನಲವತ್ತು ಸಲ ಬಿದ್ದಾಗಲೂ ರೇಗಿರಲಿಲ್ಲ. ಅಷ್ಟು ತಾಳ್ಮೆಯ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ, ನಿಜ ಹೇಳಬೇಕೆಂದರೆ ಅವಳು ಅವನಿಗೆ ಮನಸ್ಸು ಕೊಟ್ಟದ್ದೇ ಆ ತಾಳ್ಮೆ ನೋಡಿ.

ಆದರೆ ನೆವೆನಾ ಹುಟ್ಟಾ ಅನುಮಾನದವಳು. ಕಾಫಿಗೆ ಹಾಲು ಹಾಕುವ ಮೊದಲು ಮೂರು ಸಲ ಮೂಸುವ ಹೆಣ್ಣು. ಒಂದೊಂದೇ ಸಂಗತಿ ಅವಳ ಕಣ್ಣಿಗೆ ಬೀಳತೊಡಗಿತು. ತಾನೂ ಈ ಆಟಕ್ಕೆ ಹೊಸಬ ಎಂದಿದ್ದ ವುಕಾಶಿನ್‌, ಬಂಡೆ ಉರುಳುವ ಮೊದಲೇ ಪಕ್ಕಕ್ಕೆ ಸರಿದಿರುತ್ತಿದ್ದ. ಬೀಗದ ಒಗಟು ಬಂದರೆ ತಲೆ ಕೆರೆದುಕೊಂಡು ಕೂರುತ್ತಿದ್ದ, ಇವಳು ಬಿಡಿಸಿದರೆ "ಅಬ್ಬಾ, ಭಲೇ!" ಅನ್ನುತ್ತಿದ್ದ. ಆ ಭಲೇ ಅರ್ಧ ಕ್ಷಣ ಬೇಗ ಬರುತ್ತಿತ್ತು. ಇನ್ನು ಇವಳ ಕಂಟ್ರೋಲರಿನ ಎಡಬದಿಯ ಪುಟ್ಟ ಕಡ್ಡಿಯ ರಬ್ಬರು ಯಾವುದೋ ಹೆಬ್ಬೆರಳಿಗೆ ಸವೆದು ನುಣ್ಣಗಾಗಿತ್ತು.

ಕೇಳಿದರೆ, "ಸೆಕೆಂಡ್ ಹ್ಯಾಂಡ್ ಮಾಲು ಮಾರಾಯ್ತಿ," ಎಂದಿದ್ದ.

ಈ ಅನುಮಾನವನ್ನೆಲ್ಲ ಒದರಿ ಹಾಕಿ ಸುಮ್ಮನಿರಬಹುದಿತ್ತು. ಆದರೆ ನವೆಂಬರ್ ಕೊನೆಗೆ ವುಕಾಶಿನ್, "ನನ್ನ ಮನೆಗೇ ಬಂದುಬಿಡು," ಅಂದುಬಿಟ್ಟ. ನೆವೆನಾ ಇದ್ದದ್ದು ತಮಿಶ್ ನದಿ ಕಾಣುವ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಪಾಂಚೆವೊ ಊರಿನಲ್ಲಿ ಅಂಥ ಕಿಟಕಿ ಅಷ್ಟು ಅಗ್ಗಕ್ಕೆ ಇನ್ನೊಂದಿಲ್ಲ. ಒಡತಿ ಪೆರ್ಸಿದಾ ಅಜ್ಜಿ ಗಡುವು ಕೊಟ್ಟಿದ್ದಳು: "ಭಾನುವಾರ ಚರ್ಚಿಂದ ಬರೋ ಹೊತ್ತಿಗೆ ಹೋಗ್ತೀಯೋ ಇರ್ತೀಯೋ ಹೇಳಿಬಿಡಮ್ಮ. ನನ್ನ ತಂಗಿ ಮೊಮ್ಮಗಳು ಸೂಟ್‌ಕೇಸ್ ಕಟ್ಕೊಂಡು ಕೂತಿದಾಳೆ." ಒಮ್ಮೆ ಬಿಟ್ಟರೆ ಆ ಮನೆ ಮತ್ತೆ ಸಿಗುವುದಿಲ್ಲ. ಬಿಟ್ಟು ಹೋಗುವುದಾದರೆ ಆ ಗಂಡಸನ್ನು ಪೂರ್ತಿ ನಂಬಿ ಹೋಗಬೇಕು.

ನೆವೆನಾಳ ಕೆಲಸ ಅಂಗಡಿ ಫಲಕಗಳಿಗೆ ಅಕ್ಷರ ಕತ್ತರಿಸುವುದು. ಈ ದೇಶದಲ್ಲಿ ಒಂದೇ ಭಾಷೆಗೆ ಲಿಪಿ ಎರಡು, ಹಾಗಾಗಿ ಅವಳ ಕಪಾಟಿನಲ್ಲಿ ಲ್ಯಾಟಿನ್‌ಗೆ ಒಂದು ಖಾನೆ, ಸಿರಿಲಿಕ್‌ಗೆ ಒಂದು ಖಾನೆ. ಆ ಶುಕ್ರವಾರ ಹೂವಿನಂಗಡಿಯೊಂದಕ್ಕೆ 'ರೋಸಾ' ಎಂದು ಸಿರಿಲಿಕ್‌ನಲ್ಲಿ ಬೇಕಿತ್ತು. ನೋಡಿದರೆ ಆ ಖಾನೆಯಲ್ಲಿ 'ರ' ಅಕ್ಷರವೇ ಮುಗಿದಿತ್ತು.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ?" ಅಂದ ಜೊತೆಗಾರ ಝಿವೊಯಿನ್. "ಲ್ಯಾಟಿನ್ ಪಿ ತಗೊಂಡು ಅಂಟಿಸು. ಅಲ್ಲಿ ಪ, ಇಲ್ಲಿ ರ. ಆಕಾರ ಒಂದೇ ತಾನೆ? ಗಿರಾಕಿಗೇನು ಗೊತ್ತಾಗುತ್ತೆ?"

ನೆವೆನಾ ಪಿ ಅಕ್ಷರವನ್ನು ಕೈಯಲ್ಲಿ ಹಿಡಿದವಳು ಹಿಡಿದಂತೆಯೇ ನಿಂತಳು. ವುಕಾಶಿನ್‌ನ ಆಟ ತೆರೆದರೆ ಉಳಿಸಿಟ್ಟ ಕಡತಗಳ ಪಟ್ಟಿ ಬರುತ್ತದೆ. ಅಲ್ಲಿ ಎರಡೇ ಹೆಸರು. ಒಂದು ಇವರಿಬ್ಬರದು. ಇನ್ನೊಂದು ಎಂ, ಎ, ಪಿ, ಎ. ಮಾಪಾ, ಅಂದರೆ ನಕ್ಷೆ. "ಅದು ಆಟದ ನಕ್ಷೆ, ಮುಟ್ಟಬೇಡ, ಕೆಟ್ಟುಹೋಗುತ್ತೆ," ಎಂದು ಅವನು ಮೊದಲ ದಿನವೇ ಹೇಳಿದ್ದ. ಅದೇ ನಾಲ್ಕು ಅಕ್ಷರವನ್ನು ಸಿರಿಲಿಕ್ ಎಂದು ಓದಿದರೆ ನಕ್ಷೆಯಲ್ಲ, ಹೆಣ್ಣಿನ ಹೆಸರು. ಮಾರಾ.

ಮರುದಿನ ಅವನು ಅಡುಗೆಮನೆಯಲ್ಲಿ ಕಾಫಿ ಕುದಿಸುತ್ತಿದ್ದಾಗ ಅವಳು ಪಟ್ಟಿ ತೆರೆದು ಆ ಹೆಸರಿನ ಮೇಲೆ ಗುರುತು ನಿಲ್ಲಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ಬಾರಿ ಆಡಿದ ದಿನ: ನವೆಂಬರ್ ಇಪ್ಪತ್ತೊಂದು, ಸಂಜೆ ನಾಲ್ಕು ಗಂಟೆ. ಆವತ್ತು ಅವನ ದೊಡ್ಡಪ್ಪನ ಮನೆಯಲ್ಲಿ ಸ್ಲಾವಾ, ಕುಲಸಂತನ ಹಬ್ಬ. ರಾತ್ರಿ ಎಂಟರವರೆಗೂ ಅವರ ಊರು ವ್ರ್ಶಾತ್ಸ್‌ನಲ್ಲೇ ಊಟಕ್ಕೆ ಕೂತಿದ್ದೆ ಎಂದು ಹೇಳಿ, ಹಬ್ಬಕ್ಕೆ ಬೇಯಿಸಿದ ಸಿಹಿಗೋಧಿಯ ಡಬ್ಬಿಯನ್ನೂ ತಂದುಕೊಟ್ಟಿದ್ದ. ಇವಳು ಚಮಚದಲ್ಲಿ ಚಪ್ಪರಿಸಿ ತಿಂದಿದ್ದಳು.

"ಯಾರೋ ಈ ಮಾರಾ?"

ಕಾಫಿ ತಟ್ಟೆ ಹಿಡಿದು ಬಂದವನು ಬಾಗಿಲಲ್ಲೇ ನಿಂತ. "ಯಾವ ಮಾರಾ? ಅದು ಮಾಪಾ. ನಕ್ಷೆ ಅಂತ ಹೇಳಿರ್ಲಿಲ್ವಾ?"

"ಅಕ್ಷರ ಕತ್ತರಿಸಿ ಹೊಟ್ಟೆ ಹೊರ್ಕೊಳೋಳ ಕಿವಿಗೇ ಹೂ ಇಡ್ತೀಯಲ್ಲೋ!"

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಕೂತ. "ಮೂರು ವರ್ಷ ಜೊತೇಲಿದ್ವಿ. ಈ ಆಟ ಅವಳ ಜೊತೆ ಆಡಿದ್ದೇ. ಕೊನೇ ಸೇತುವೆ ಹತ್ರ ಬಂದಾಗ ಜಗಳ ಆಯ್ತು, ಹೊರಟುಹೋದ್ಲು. ಈಗ ದೇಶ ಬಿಟ್ಟು ಗ್ರಾಟ್ಸ್‌ನಲ್ಲಿದಾಳೆ. ನೀನು ಹೀಗೆ ಮುಖ ಮಾಡ್ತೀಯ ಅಂತಲೇ ಹೇಳ್ಲಿಲ್ಲ."

"ಗ್ರಾಟ್ಸ್‌ನಲ್ಲಿರೋಳು ಸ್ಲಾವಾ ದಿನ ಈ ಸೋಫಾಕ್ಕೆ ಹಾರ್ಕೊಂಡು ಬಂದ್ಲಾ? ಸಂತನ ಹೆಸರಲ್ಲಿ ಗೋಧಿ ತಿನ್ಸಿ ಸುಳ್ಳು ಹೇಳ್ದೆಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಯಾರೂ ಬಂದಿರ್ಲಿಲ್ಲ, ಅಮ್ಮನಾಣೆ! ಮಧ್ಯಾಹ್ನದ ಊಟ ಆದ್ಮೇಲೆ ಬಂದುಬಿಟ್ಟೆ. ಒಬ್ನೇ ಆಡ್ತಿದ್ದೆ."

"ಇಬ್ಬರಿಲ್ದೆ ಆಡೋಕಾಗಲ್ಲ ಅಂತ ನೀನೇ ಅಲ್ವೇನೋ ಹೇಳ್ಕೊಟ್ಟಿದ್ದು?"

"ಎರಡೂ ಕಂಟ್ರೋಲರ್ ನಾನೇ ಹಿಡ್ಕೊಂಡಿದ್ದೆ."

"ಹಿಡ್ಕೊಂಡು ತೋರ್ಸು."

ವುಕಾಶಿನ್ ತೋರಿಸಿದ. ಒಂದನ್ನು ಬಲಗೈಯಲ್ಲಿ ಹಿಡಿದ, ಇವಳದನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಒತ್ತಿದ. ಹರಿದ ತೂಗುಸೇತುವೆಯ ಈಚೆಗೆ ನೀಲಿ, ಹಳದಿ ಟೋಪಿಗಳು ನಿಂತವು. ನೀಲಿಯವನು ಹಗ್ಗ ಬಿಗಿಹಿಡಿಯಬೇಕು, ಹಳದಿಯವಳು ಹಾರಬೇಕು, ಆಚೆ ಹೋಗಿ ನೀಲಿಯವನನ್ನು ಎಳೆದುಕೊಳ್ಳಬೇಕು. ಅವನು ಬಿದ್ದ. ಮತ್ತೆ ಬಿದ್ದ. ಮೂರನೇ ಸಲ ಬಿದ್ದಾಗ ನೆವೆನಾ ಪಟ್ಟಿಗೆ ಹಿಂತಿರುಗಿಸಿ ನೋಡಿದಳು. ಒಬ್ಬನೇ ಕಡತ ತೆರೆದು ಸೇತುವೆಯಿಂದ ಬಿದ್ದುದಕ್ಕೇ ಅಲ್ಲಿನ ತಾರೀಕು ಇವತ್ತಿನದಾಗಿತ್ತು.

"ನೋಡಿದ್ಯಾ?" ಎಂದ ಅವನು, ಗೆದ್ದವನಂತೆ. "ಯಾರೂ ಬಂದಿರ್ಲಿಲ್ಲ."

ನಿಜವನ್ನೇ ಹೇಳುತ್ತಿದ್ದ. ನೆವೆನಾಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಾರಾ ಬಂದು ಕೂತಿದ್ದರೆ ಇಬ್ಬರ ಜುಟ್ಟನ್ನೂ ಹಿಡಿದು ಜಗಳವಾಡಬಹುದಿತ್ತು. ಬಾರದವಳ ಜೊತೆ ಹೇಗೆ ಜಗಳವಾಡುವುದು? ಹಬ್ಬದ ಊಟದಿಂದ ಎದ್ದು ಬಂದು, ಇನ್ನೊಬ್ಬಳ ಪಾಲಿನ ಗುಂಡಿಗಳನ್ನೂ ತಾನೇ ಒತ್ತುತ್ತ ಒಬ್ಬನೇ ಕೂತಿದ್ದ ಈ ಗಂಡಸನ್ನು ಅವಳು ಮನಸ್ಸಿನಲ್ಲಿ ಕಂಡಳು. ಅವಳಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು.

"ಒಂದೇ ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ," ಎಂದಳು. "ನಂಗೆ ಆಟ ಕಲಿಸಿದ್ದು ಈ ಸೇತುವೆ ದಾಟೋಕಾ?"

"ಮೊದಮೊದಲು ಹೌದು," ಎಂದ ವುಕಾಶಿನ್. ಅಲ್ಲಿಗೆ ಅವನ ಪ್ರಾಮಾಣಿಕತೆ ಮುಗಿದಿರಬೇಕು. ಅದೇ ಕಡತ ಮತ್ತೆ ತೆರೆದು ಅವನು ಗುಂಡಿಗಳನ್ನು ಒತ್ತತೊಡಗಿದ್ದ. ನಿಲ್ಲಿಸು ಎಂದು ಅವಳು ಹೇಳಿರಲಿಲ್ಲ, ನಿಲ್ಲಿಸಬೇಕೆಂದು ಅವನಿಗೂ ತೋಚಲಿಲ್ಲ.

ಐದನೇ ಸಲ, ಆರನೇ ಸಲ ಬಿದ್ದ. ಒಂಬತ್ತನೆಯ ಸಲಕ್ಕೆ ಹಳದಿ ಟೋಪಿಯವಳು ಹಾರಿ ಆಚೆಯ ಹಲಗೆಯ ಅಂಚಿಗೆ ಒಂದು ಕೈಯಲ್ಲಿ ಜೋತುಬಿದ್ದಳು.

"ನೆವೆನಾ, ಹಿಡಿ, ಹಿಡಿ! ಬೇಗ, ಮೇಲಿನ ಗುಂಡಿ ಒತ್ತು!" ಎಂದು ಅವನು ತೊಡೆಯ ಮೇಲಿದ್ದುದನ್ನು ಇವಳತ್ತ ಎಸೆದ. ಐದು ತಿಂಗಳಲ್ಲಿ ಒಮ್ಮೆಯೂ ಕೇಳದಂಥ ಸಂಭ್ರಮ ಆ ದನಿಯಲ್ಲಿತ್ತು.

ಅವಳು ಹಿಡಿದಳು, ಒತ್ತಿದಳು. ಚೆನ್ನಾಗಿ ಕಲಿತಿದ್ದಳಲ್ಲ, ಬೆರಳು ತಾನಾಗಿ ಓಡಿತು. ಹಳದಿ ಟೋಪಿಯವಳು ಮೇಲೇರಿ ಕಾಲೂರಿ ನಿಂತು ನೀಲಿಯವನನ್ನು ಎಳೆದುಕೊಂಡಳು. ಸೇತುವೆ ಹಿಂದೆ ಕಳಚಿ ಬಿತ್ತು. ಇಬ್ಬರೂ ಶಿಖರ ಹತ್ತಿ ಹಿಮದ ಮೇಲೆ ಪಕ್ಕಪಕ್ಕ ಕೂತರು, ಸಂಗೀತ ಶುರುವಾಯಿತು. ವುಕಾಶಿನ್ ಅಂಗೈಯಿಂದ ಕಣ್ಣೊರೆಸಿಕೊಂಡ.

ನೆವೆನಾ ಕಂಟ್ರೋಲರನ್ನು ಸೋಫಾದ ಮೇಲಿಟ್ಟು ಕೋಟು ಹಾಕಿಕೊಂಡಳು.

"ನಾನು ಬರಲ್ಲ ವುಕಾಶಿನ್," ಎಂದಳು.

"ಎಲ್ಲಿಗೆ?" ಎಂದ ಅವನು, ಪರದೆಯಿಂದ ಕಣ್ಣು ಕೀಳದೆ.