ಒಂದು ಜೋಡಿ ಕಾಲುಚೀಲದಷ್ಟು ದೂರ

ಓಸ್ಲೋದ ಗುಡ್‌ವೈಗ್ ಊರಿಂದೂರಿಗಿರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆದವಳಲ್ಲ, ಕಾಲುಚೀಲದಲ್ಲಿ ಅಳೆದವಳು. ವಿಮಾನದಲ್ಲಿ ಕೂತೊಡನೆ ಬಿದಿರುಕಡ್ಡಿ ತೆಗೆದು ಹೆಣೆಯತೊಡಗುವ ಅವಳ ಲೆಕ್ಕದಲ್ಲಿ ಬೆರ್ಗೆನ್ ಎಂದರೆ ಕಾಲುಚೀಲದ ಬಾಯಂಚು, ಕೋಪನ್‌ಹೇಗನ್ ಎಂದರೆ ಅದರ ಮೇಲೆ ಇನ್ನೆರಡು ಬೆರಳು. ಈ ಶಾಸ್ತ್ರವನ್ನು ಪ್ರಶ್ನಿಸುವ ಎದೆಗಾರಿಕೆ ಅವಳ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹಸಿರು ಕೋಟಿನ ಗುಂಡಿಗಳನ್ನು ಗಂಟಲವರೆಗೆ ಬಿಗಿದು, ಬಂದರು ಹೊಗುವ ಯುದ್ಧನೌಕೆಯಂತೆ ಎಡಬಲ ನೋಡದೆ ಬರುತ್ತಿದ್ದವಳನ್ನು ಕಂಡರೆ ಟ್ರಾಮ್ ಕೂಡ ಒಂದು ಕ್ಷಣ ಯೋಚಿಸುತ್ತಿತ್ತು.

ತಂಗಿ ಟೂರ್ಬೊರ್ಗ್ ನೆಲೆಸಿದ್ದ ಉತ್ತರದ ಟ್ರೊಮ್ಸೋ ಮಾತ್ರ ‘ಒಂದು ಜೋಡಿ ಪೂರ್ತಿ’ ದೂರ. ಅಲ್ಲಿಗೆ ಅವಳು ಹೋದವಳೇ ಅಲ್ಲ. ತಾಯಿಯನ್ನು ಮಣ್ಣುಮಾಡಿದ ಸಂಜೆಯೇ, ಬಂದವರು ಕುಡಿದಿಟ್ಟ ಕಾಫಿ ಬಟ್ಟಲುಗಳು ಮೇಜಿನ ಮೇಲಿರುವಾಗಲೇ, ತಂಗಿ ವಿಮಾನ ಹಿಡಿಯಲು ಎದ್ದು ಹೋಗಿದ್ದಳು. ಅಲ್ಲಿಂದ ಹನ್ನೆರಡು ವರ್ಷ, ಯಾರು ಕೇಳಿದರೂ ಗುಡ್‌ವೈಗ್‌ಳದು ಒಂದೇ ಉತ್ತರ: “ಅಷ್ಟು ದೂರ ಯಾರು ಹೋಗ್ತಾರೆ?” ಸಿಟ್ಟು ಎಂಬ ಪದ ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ.

ಕಳೆದ ಮಾರ್ಚಿನಲ್ಲಿ ತಂಗಿಯ ಫೋನು ಬಂತು. “ಸೋಮವಾರ ಆಸ್ಪತ್ರೇಲಿ ನನ್ನ ಎದೆ ಕೊಯ್ತಾರಂತೆ ಕಣೇ. ಬರ್ತೀಯಾ? ದೂರ ಅಂತೀಯೇನೋ.”

“ದೂರಾನೇ. ಆದ್ರೂ ಬರ್ತೀನಿ.”

ವಿಮಾನ ಮೇಲೇರಿತು. ಸಾವಿರದ ನೂರು ಕಿಲೋಮೀಟರು, ಎರಡು ಗಂಟೆಯೂ ಹಿಡಿಯದು ಎಂದು ಪೈಲಟ್ ಶತ್ರುಪಾಳೆಯದ ದೂತನಂತೆ ಸಾರಿದಾಗ ಗುಡ್‌ವೈಗ್‌ಳ ಮುಖ ಬಿಳಿಚಿತು. ಅಷ್ಟರೊಳಗೆ ಜೋಡಿ ಮುಗಿಯದಿದ್ದರೆ ಹನ್ನೆರಡು ವರ್ಷದ ಮಾತು ಸುಳ್ಳಾಗುತ್ತದೆ. ಕಡ್ಡಿಗಳು ಕತ್ತಿವರಸೆಗಿಳಿದವು. ಉಣ್ಣೆಯುಂಡೆ ಕಾಲಡಿಯಲ್ಲಿ ಪರಾರಿಯಾಯಿತು.

ಪಕ್ಕದ ಸೀಟಿನ ಮೀನುಗಾರ ಬಗ್ಗಿ ಅದನ್ನೆತ್ತಿ ಕೊಟ್ಟ. “ಯಾಕಮ್ಮಾ ಇಷ್ಟು ಅವಸರ? ವಿಮಾನ ಓಡಿಸೋಕೆ ಮುಂದೆ ಬೇರೆಯವ್ರಿದ್ದಾರೆ.”

“ಮಾತು ಸಾಕು. ಉಂಡೆ ಹಿಡ್ಕೋ.”

ಅವನು ಬ್ರೆಡ್ಡು, ಕಂದು ಚೀಸು ಎಲ್ಲವನ್ನೂ ಬದಿಗಿಟ್ಟು, ಯುದ್ಧಕೈದಿಯ ವಿಧೇಯತೆಯಿಂದ ಉಂಡೆ ಹಿಡಿದು ಕೂತ. ಆದರೂ ಚಕ್ರಗಳು ಹಿಮದಂಚಿನ ನೆಲವನ್ನು ಮುಟ್ಟಿದಾಗ ಕೈಯಲ್ಲಿದ್ದದ್ದು ಒಂದೇ ಕಾಲುಚೀಲ, ಅದೂ ಹಿಮ್ಮಡಿಯವರೆಗೆ.

“ಇಷ್ಟು ಬೇಗ ಇಳಿಸಿಬಿಟ್ರೆ ಹೇಗೆ?” ಎಂದು ಅವಳು ಗಗನಸಖಿಯನ್ನು ತರಾಟೆಗೆ ತೆಗೆದುಕೊಂಡಳು.

“ಎಲ್ರೂ ತಡ ಆಯ್ತು ಅಂತ ಬಯ್ತಾರೆ. ನೀವೊಬ್ರೇ ಹೀಗೆ.”

ಹೊರಗೆ ಟೂರ್ಬೊರ್ಗ್ ಕಂಬಿಗೆ ಒರಗಿ ನಿಂತಿದ್ದಳು, ನೆನಪಿನಲ್ಲಿದ್ದುದಕ್ಕಿಂತ ಎಷ್ಟೋ ಸಣ್ಣವಳಾಗಿ. ಅವಳ ಕಣ್ಣು ನೇರವಾಗಿ ಅಕ್ಕನ ಕೈಯಲ್ಲಿದ್ದ ಹೆಣಿಗೆಗೆ ಹೋಯಿತು.

“ಇಷ್ಟೇನಾ ದೂರ?”

“ಹಿಂದಿಂದ ಗಾಳಿ ತಳ್ತು.”

“ಹನ್ನೆರಡು ವರ್ಷದಲ್ಲಿ ಒಂದು ದಿನಾನೂ ತಳ್ಳಲಿಲ್ವಾ?”

ಗುಡ್‌ವೈಗ್ ಹೆಣಿಗೆಯನ್ನು ಕಡ್ಡಿಸಮೇತ ಕೋಟಿನ ಜೇಬಿಗೆ ತುರುಕಿದಳು. “ಅವತ್ತು ನನ್ನೊಬ್ಬಳನ್ನೇ ಬಿಟ್ಟು ಹೋದೆ. ಸಂಕಟ ಆಯ್ತು ನಂಗೆ.”

“ಗೊತ್ತು. ನಿನ್ನೆದುರು ಅಳೋಕೆ ಹೆದರಿ ಓಡಿಬಂದೆ. ನೀನು ಯಾವತ್ತು ಅತ್ತಿದ್ದೆ ಹೇಳು?”

ಈಗ ಗುಡ್‌ವೈಗ್ ಅಳುತ್ತಿದ್ದಳು. ಟೂರ್ಬೊರ್ಗ್ ಅದನ್ನು ನೋಡದವಳಂತೆ ಅಕ್ಕನ ತೋಳು ಹಿಡಿದು ಟ್ಯಾಕ್ಸಿಯತ್ತ ನಡೆದಳು.

ನೋವಾಯಿತೆಂದು ಹೇಳುವುದಕ್ಕಿಂತ ಒಂದು ನಗರವನ್ನೇ ಬುಡಸಮೇತ ಕಿತ್ತು ದೂರ ನೆಡುವುದು ಸುಲಭವೆಂದು ತಿಳಿದ ಬಲಶಾಲಿಗಳು ಲೋಕದಲ್ಲಿ ಎಲ್ಲೆಲ್ಲೂ ಇದ್ದಾರೆ. ಅವರೊಡನೆ ನಕಾಶೆ ಬಿಡಿಸಿ ವಾದಿಸಿ ಗೆದ್ದವರಿಲ್ಲ. ಆದರೆ ಯಾರಾದರೂ ಸೋತು ಒಮ್ಮೆ ಕರೆದರೆ ಸಾಕು, ದೂರ ದೂರವೆಂದು ಗೊಣಗುತ್ತಲೇ ಅವರು ಹೊರಟು ನಿಲ್ಲುತ್ತಾರೆ. ಅಷ್ಟು ಕಾಲವೂ ಅವರು ಕಾದದ್ದು ಆ ಕರೆಗೇ.