ಚಪ್ಪಟೆ ನೆತ್ತಿಯ ಮೋಡ

ಮೋಡ ನೋಡಿ ಮುನ್ಸೂಚನೆ ಬರೆಯುವುದೇ ಅವನ ನೌಕರಿ. ಅವನು ಮಳೆ ಎಂದರೆ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು, ಬಿಸಿಲೆಂದರೆ ಕೊಡೆ ಹುಡುಕುತ್ತಿದ್ದಳು. ಹತ್ತು ವರ್ಷದ ಸಂಸಾರದಲ್ಲಿ ಅವಳು ನೆನೆದದ್ದು ಕಡಿಮೆ.

ಆ ಮಧ್ಯಾಹ್ನ ಅವನು ಕಚೇರಿಯ ತಾರಸಿ ಹತ್ತಿದ. ನದಿಯಾಚೆ, ಕಮ್ಮಾರನ ಅಡಿಗಲ್ಲಿನಂತೆ ನೆತ್ತಿ ಚಪ್ಪಟೆಯಾದ ಕರಿಮೋಡ ಎದ್ದು ನಿಂತಿತ್ತು. ಸಿಡಿಲು, ಬಿರುಗಾಳಿ ಹೊತ್ತು ತರುವ ಜಾತಿ ಅದು. ಅವಳೋ ಮಗಳೊಂದಿಗೆ ದೋಣಿಯಲ್ಲಿ ಅಕ್ಕನ ಮನೆಗೆ ಹೊರಡುವವಳಿದ್ದಳು. ನಿಜ ಹೇಳಿದರೆ ಹೊರಟೇಬಿಡುತ್ತಾಳೆಂದು ಮನೆಗೆ ಫೋನ್ ಮಾಡಿ ತಿರುಗಿಸಿ ಹೇಳಿದ: "ಇವತ್ತು ಒಂದು ಹನೀನೂ ಬೀಳಲ್ಲ ಕಣೇ, ಧೈರ್ಯವಾಗಿ ಹೋಗು."

ಅವಳು ನಕ್ಕಳು. "ಒಂದಿನವಾದ್ರೂ ಅಪ್ಪನ ಮಾತು ನಂಬಮ್ಮಾ ಅಂತ ಮಗಳು ಹಟ ಮಾಡ್ತಿದ್ದಾಳೆ ರೀ. ಇವತ್ತು ನಂಬಿದೀನಿ. ಹೊರಟ್ವಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಳು. ಮತ್ತೆ ಮಾಡಿದ. ಖಾಲಿ ಮನೆಯಲ್ಲಿ ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಮೋಡದ ನೆರಳು ಆಗಲೇ ನದಿಗಿಳಿದಿತ್ತು.